ಹತ್ತರಲ್ಲಿ ಮೂರು ಕಳೆದ್ರೆ

ಸುಟ್ಟ ವಾಸನೆ ಎಲ್ಲಿಂದ ಬರ್ತಿದೆ ಅಂತ ಪ್ರೊಫೆಸರು ಕಿಟಕಿ ಕಡೆ ಮೂಗು ತಿರುಗಿಸಿದ. ಹೊರಗೆ ಯಾರೋ ಒಣಗಿದ ಎಲೆ ಗುಡಿಸಿ ಬೆಂಕಿ ಇಟ್ಟಿರಬೇಕು ಅಂದ್ಕೊಂಡ. ಎಲ್ಲಿ ಏನು ಸುಟ್ರೂ ಅದು ಪಕ್ಕದ ಮನೇದೇ ಅಂತ ನಂಬೋ ಪೈಕಿ ಗಂಡಸು. ಎದುರಿಗೆ ರಿಜಿಸ್ಟರ್ ತೆರೆದು ಪೆನ್ನು ಹಿಡ್ಕೊಂಡು ನಿಂತಿದ್ದ ಲ್ಯಾಬ್ ಅಸಿಸ್ಟೆಂಟ್ ಹೆಂಗಸು ಇಪ್ಪತ್ತೈದು ವರ್ಷದಲ್ಲಿ ಒಂದು ನಿಮಿಷ ತಡವಾಗಿ ಬಂದವಳಲ್ಲ, ಅದಕ್ಕೇ ಎಲ್ಲರ ಬಾಯಲ್ಲಿ ಗಡಿಯಾರಮ್ಮ. ಆ ಗಡಿಯಾರಮ್ಮ ಈಗ ಪೆನ್ನು ಬಿಸಾಡಿ, "ಸಾರ್! ಕೈ! ಕೈ ತೆಗೀರಿ ಸಾರ್!" ಅಂತ ಕೂಗಿದ್ಳು. ಸತ್ತೋರು ಎದ್ದು ಕೂರೋ ಹಾಗಿತ್ತು ಕೂಗು. ಅವನು ಕೈ ನೋಡ್ದ. ದಿನಾ ಕಾದು ಕಾದು ಜಡ್ಡುಗಟ್ಟಿದ ಎಡಗೈ ಹೆಬ್ಬೆರಳಿನ ಬುಡ, ನೋವಿನ ಯಂತ್ರದ ಬಿಲ್ಲೆ ಮೇಲೆ, ಬೆಣ್ಣೆ ಹಚ್ಚಿದ ಬ್ರೆಡ್ಡಿನ ಹಾಗೆ ಕೂತಿತ್ತು. ಎತ್ತಿದ. ನಾಣ್ಯದಗಲ ಚರ್ಮ ಬೆಳ್ಳಗಾಗಿ ಸುತ್ತಲೂ ಕೆಂಪು ಏರ್ತಿತ್ತು. "ಉರೀಲಿಲ್ವಾ ಸಾರ್?" ಅಂದ್ಳು. "ಏನೋ ಯೋಚ್ನೇಲಿದ್ದೆ," ಅಂದ. ಯೋಚ್ನೇಲಿ ಇರ್ಲಿಲ್ಲ ಅವನು. ಯಾವತ್ತಿನ ಹಾಗೆ ಕಣ್ಣು ಮುಚ್ಚಿ, ಇನ್ನೇನು ನೋವು ಬರುತ್ತೆ, ಬಂದ ಕೂಡ್ಲೇ ಗುಂಡಿ ಒತ್ತಬೇಕು ಅಂತ ಕಾಯ್ತಾ ಇದ್ದ. ಬಸ್ ಸ್ಟಾಪಲ್ಲಿ ನಿಂತೋನು ಬಸ್ಸು ಹೋದದ್ದೇ ಗೊತ್ತಿಲ್ದೆ ಕಾಯ್ತಾನಲ್ಲ, ಹಾಗೆ.

ಇದು ಆ ಲ್ಯಾಬಿನ ನಿತ್ಯಪೂಜೆ ಇದ್ದ ಹಾಗೆ, ಅವನ ಗುರುಗಳಿಂದ ಬಂದದ್ದು. ದೊಡ್ಡ ಮೇಷ್ಟ್ರು ಅಂತಿದ್ರು ಅವರನ್ನ. ಮೀಸೆ ನೋಡಿದ್ರೆ ಹಾಲು ಒಡೀತಿತ್ತು. "ನಿನ್ನ ಕೈಗೆ ತಾಗಿಸದೆ ಇನ್ನೊಬ್ಬರ ಕೈಗೆ ಬಿಲ್ಲೆ ತಾಗಿಸಿದ್ಯೋ, ನಿನ್ನ ಕಿವೀನ ಇದರ ಮೇಲಿಟ್ಟು ಇಸ್ತ್ರಿ ಮಾಡ್ತೀನಿ," ಅಂದಿದ್ರು ಮೊದಲನೇ ದಿನವೇ. ಯಂತ್ರವೂ ಅವರದ್ದೇ, ಅವರ ಕೈಯಾರೆ ಕಟ್ಟಿದ್ದು. ಬಿಲ್ಲೆ ಮೆಲ್ಲಗೆ ಕಾಯುತ್ತೆ, ಮುಳ್ಳು ನೂರು ಗೆರೆಯ ಮೇಲೆ ಹತ್ತುತ್ತೆ, ನೋವು ಅನ್ನಿಸಿದ ಗಳಿಗೆ ಗುಂಡಿ ಒತ್ತಿದ್ರೆ ಮುಳ್ಳು ನಿಲ್ಲುತ್ತೆ. ಆದ್ರೆ ಆ ಯಂತ್ರ ಮಹಾ ಚಂಚಲೆ, ಚಳಿಗೊಂದು ಲೆಕ್ಕ, ಸೆಕೆಗೊಂದು ಲೆಕ್ಕ. ಮುಳ್ಳನ್ನ ನಂಬೋ ಹಾಗಿಲ್ಲ, ಕೈಯನ್ನ ನಂಬು ಅಂದ್ರು ಮೇಷ್ಟ್ರು. ಅದಕ್ಕೇ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿನ ಯಜಮಾನ ತನ್ನ ಕೈ ಇಟ್ಟು ಎಲ್ಲಿ ನೋಯುತ್ತೋ ಅಲ್ಲಿ ಗುರುತು ಹಾಕೋದು. ಆಮೇಲೆ ಬರೋರ ನೋವನ್ನೆಲ್ಲ ಆ ಗುರುತಿನಿಂದ ಹಿಂದೆಷ್ಟು ಮುಂದೆಷ್ಟು ಅಂತ ಎಣಿಸೋದು. ಬಟ್ಟೆ ಅಂಗಡಿಯವನು ತನ್ನ ಮೊಣಕೈಯಲ್ಲಿ ಅಳೆದ ಹಾಗೆ. ಮೇಷ್ಟ್ರು ಹೋದ್ರು, ಯಂತ್ರ ಉಳೀತು, ಯಜಮಾನಿಕೆ ಇವನಿಗೆ ಬಂತು. ಊರವರ ನೋವಿಗೆಲ್ಲ ಇವನ ಹೆಬ್ಬೆರಳಿನ ಬುಡವೇ ಮೊಳ, ಅದೇ ಗಜ.

ಗಡಿಯಾರಮ್ಮ ಅವನ ಕೈಯನ್ನ ನಲ್ಲಿ ಕೆಳಗೆ ಹಿಡಿದ್ಲು. ನೀರು ಬೀಳೋದು ಕಾಣ್ತಿತ್ತು. ಕಂಡಿದ್ದೇ ಹೊರತು ತಣ್ಣಗಿದೆಯೋ ಬೆಚ್ಚಗಿದೆಯೋ ಗೊತ್ತಾಗ್ಲಿಲ್ಲ. "ಎಷ್ಟಕ್ಕೆ ನಿಂತಿತ್ತು ಮುಳ್ಳು?" ಅಂದ. "ನಿಲ್ಲಲೇ ಇಲ್ಲ ಸಾರ್, ತೊಂಬತ್ತು ದಾಟಿತ್ತು." ನಿನ್ನೆ ಎಂಬತ್ತನಾಲ್ಕು ಅಂತ ಅವಳೇ ಹೇಳಿದ್ಲು. ಮೊದಲೆಲ್ಲ ಎಪ್ಪತ್ತಕ್ಕೆ ಬರೆ ಇಟ್ಟ ಹಾಗಾಗಿ ಕೈ ತಾನೇ ಹಾರ್ತಿತ್ತು, ಅದಕ್ಕೂ ಮೊದಲು ಐವತ್ತಕ್ಕೆ. ಯಂತ್ರ ಸೋತಿದೆ ಅಂತ ಅವನೇ ಹೇಳಿ ಮೂರು ಸಲ ತಂತಿ ಬದಲಾಯಿಸಿದ್ದ, ಎರಡು ಸಲ ಬಿಲ್ಲೆ ತಿಕ್ಕಿಸಿದ್ದ. ಎಂಬತ್ತಕ್ಕೆ ತಾನಾಗೇ ಆರೋ ಹಾಗೊಂದು ತಡೆ ಇತ್ತು, ಮೂರು ವರ್ಷದ ಹಿಂದೆ ಅದನ್ನೂ ಕೀಳಿಸಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ಪಾಪ, ಏನು ಹೇಳೀತು? ಈಗ ನಲ್ಲಿ ಕೆಳಗೆ ನಿಂತು ಅವನು ಆ ಕೈಯನ್ನ ಬೇರೆ ಯಾರದ್ದೋ ಅನ್ನೋ ಹಾಗೆ ನೋಡ್ತಿದ್ದ. ಹೋದ ತಿಂಗಳು ಕಾಲೇಜಿನ ಕಾರಿಡಾರಲ್ಲಿ ಎಡಗಾಲಿನ ಚಪ್ಪಲಿ ಜಾರಿ ಹಿಂದೆ ಬಿದ್ದಿತ್ತು. ಅದಿಲ್ದೆ ನಡ್ಕೊಂಡು ಹೋಗಿ ಮೀಟಿಂಗಲ್ಲಿ ಕೂತು ಒಂದು ಗಂಟೆ ಮಾತಾಡಿದ್ದ. ಜವಾನ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬಂದು ಬಾಗಿಲಲ್ಲಿ ನಿಂತಾಗ ಎಲ್ಲಾ ನಕ್ರು, ಅವನೂ ನಕ್ಕ. ಜ್ಞಾನಿಗಳಿಗೆ ಕಾಲ ಕೆಳಗಿನದ್ದು ಗೊತ್ತಾಗಲ್ಲ ಅಂತ ಯಾರೋ ಅಂದ್ರು. ಅವತ್ತು ನೆಲ ಹೇಗಿತ್ತು? ಈಗ ಎಷ್ಟು ನೆನಪು ಮಾಡ್ಕೊಂಡ್ರೂ ನೆಲವೇ ಸಿಗ್ಲಿಲ್ಲ.

ಮುಲಾಮು ಹಚ್ಚಿಸ್ಕೊಂಡು, ಪಟ್ಟಿ ಕಟ್ಟಿಸ್ಕೊಂಡು, ಆಸ್ಪತ್ರೆಗೆ ಹೊರಟ. ಇದಕ್ಕಲ್ಲ. ಅಲ್ಲಿ ಮೂರು ದಿನದಿಂದ ಅವನ ಅಮ್ಮ ಮಲಗಿದ್ಲು. ಎಂಬತ್ತೊಂದು ವರ್ಷ, ಬಚ್ಚಲಲ್ಲಿ ಜಾರಿ ಸೊಂಟದ ಕೆಳಗೆ ಮೂಳೆ ಮುರ್ಕೊಂಡಿದ್ಲು. ರಕ್ತ ತೆಳುವಾಗೋ ಮಾತ್ರೆ ನುಂಗ್ತಿದ್ಲು. ಅದರ ಜೋರು ಇಳಿಯೋ ತನಕ ಆಪರೇಷನ್ ಮಾಡೋ ಹಾಗಿಲ್ಲ, ಇನ್ನೂ ಎರಡು ದಿನ ಹೀಗೇ ಬಿದ್ದಿರಬೇಕು. ಮುದುಕಿಯರ ವಾರ್ಡು. ಎಂಟು ಮಂಚ, ಎಂಟು ಬಾಯಿ, ಒಂದು ಫ್ಯಾನು. ಬಾಗಿಲು ದಾಟೋ ಮೊದಲೇ ಅಮ್ಮನ ದನಿ ಬಂತು. "ಬಂದ್ಯೇನೋ ರಾಜಾ? ನಾನು ಸತ್ತು, ಸುಟ್ಟು, ಬೂದಿ ಆರಿದ ಮೇಲೆ ಬರ್ತೀಯೇನೋ ಅಂದ್ಕೊಂಡೆ." ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತಿದ್ದ ಅಕ್ಕ ತಮ್ಮನ ಕಡೆ ತಿರುಗಿಯೂ ನೋಡ್ಲಿಲ್ಲ. "ನಿನ್ನೆ ಸಂಜೆ ಬಂದಿದ್ನಲ್ಲಮ್ಮ." "ನಿನ್ನೆಯಾ? ನನಗೆ ಹನ್ನೆರಡು ವರ್ಷ ಆದ ಹಾಗಾಯ್ತು. ಸೊಂಟದೊಳಗೆ ಹತ್ತು ಜನ ಕಮ್ಮಾರರು ಕೂತು ಬಡೀತಿದಾರೆ ಕಣೋ. ಊಟಕ್ಕೂ ಏಳಲ್ಲ ಮುಂಡೇಮಕ್ಕಳು." ಆಚೆ ಮಂಚದ ಅಜ್ಜಿ ಕಿಸಕ್ಕಂತ ನಕ್ಕು, ನಕ್ಕಿದ್ದಕ್ಕೇ ನೋವಾಗಿ ಅಯ್ಯೋ ಅಂದ್ಳು.

ಇಂಥಾ ಬಾಯಿ ಅಮ್ಮಂದು, ಮೊದಲಿಂದ. ಕಾಲಿಗೆ ಮುಳ್ಳು ಚುಚ್ಚಿದ್ರೆ ಭರ್ಜಿ ಇರಿದು ಆಚೆ ಬಂತು ಅನ್ನೋಳು. ತಲೆ ನೋವು ಬಂದ್ರೆ ತಲೆ ಎರಡು ಹೋಳಾಗಿ ಒಂದು ಅಡಿಗೆಮನೇಲಿ ಒಂದು ಹಿತ್ತಿಲಲ್ಲಿ ಬಿದ್ದಿದೆ ಅನ್ನೋಳು. ಅಪ್ಪ ಸೂರು ನೋಡ್ತಾ ಕೂರೋರು. ಇವನು, ಅಕ್ಕ, ಇಬ್ರೂ ಅಮ್ಮನ ಮಾತಲ್ಲಿ ಎಷ್ಟು ಕಳೀಬೇಕು ಅಂತ ಪಂದ್ಯ ಕಟ್ಟೋರು. ಇವನಿಗೆ ಒಂಬತ್ತು ವರ್ಷ ಇದ್ದಾಗ ಒಂದಿನ ಬೆಳಿಗ್ಗೆ, "ಯಾರೋ ಹೊಟ್ಟೆ ಬಗೀತಿದಾರೆ," ಅಂತ ಅಮ್ಮ ಗೋಡೆ ಹಿಡ್ಕೊಂಡು ನಿಂತ್ಲು. ಅಪ್ಪ ಸೂರು ನೋಡಿದ್ರು. ಅಕ್ಕ ತಮ್ಮ ಮುಖ ಮುಖ ನೋಡ್ಕೊಂಡು ಮುಸಿ ಮುಸಿ ನಕ್ಕು ಸ್ಕೂಲಿಗೆ ಹೋದ್ರು. ಮಧ್ಯಾಹ್ನ ಬಂದಾಗ ಮನೆ ತುಂಬಾ ಪಕ್ಕದ ಮನೆ ಹೆಂಗಸರು, ನೆಲ ಒರೆಸೋಕೆ ಹಳೇ ಹೊದಿಕೆ ಹರೀತಿದ್ರು. ಅವನಿಗೆ ಒಬ್ಬ ತಮ್ಮನೋ ತಂಗಿಯೋ ಇರಬೇಕಿತ್ತಂತೆ. ಅಮ್ಮ ಅವತ್ತು ಒಂದು ಮಾತೂ ಆಡ್ಲಿಲ್ಲ. ಮಾರನೇ ದಿನ ಬೆರಳಿಗೆ ಸೂಜಿ ತಾಗಿದ್ದಕ್ಕೆ, ಕೈಯೇ ಹೋಯ್ತು, ಅಂತ ಶುರು ಮಾಡಿದ್ಲು, ಎಲ್ರಿಗೂ ಜೀವ ಬಂತು. ಮಾತಿನಿಂದ ನೋವನ್ನ ಬಿಡಿಸಿ ಬೇರೆ ತಟ್ಟೇಲಿ ಇಟ್ಟು ಅಳೀಬೇಕು ಅನ್ನೋ ಹಟ ಅವನಿಗೆ ಎಲ್ಲಿಂದ ಹತ್ತಿತ್ತೋ, ದೊಡ್ಡ ಮೇಷ್ಟ್ರು ಕೇಳಿದಾಗ ಹೇಳೋಕೆ ಬರ್ಲಿಲ್ಲ. ವಿಜ್ಞಾನದಲ್ಲಿ ಆಸಕ್ತಿ ಸಾರ್ ಅಂದಿದ್ದ.

ಹನ್ನೊಂದಕ್ಕೆ ನರ್ಸು ಬಂದ್ಲು. ಗಟ್ಟಿ ಹೆಂಗಸು, ವಾರ್ಡನ್ನೇ ಕಂಕುಳಲ್ಲಿ ಇರುಕ್ಕೊಂಡು ಓಡಾಡೋ ಹಾಗಿದ್ಲು. "ಅಜ್ಜಿ, ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವು?" "ಹನ್ನೆರಡು." "ಹತ್ತರ ತನಕ ಮಾತ್ರ ಅಜ್ಜಿ." "ಯಾಕೆ, ಹತ್ತರ ಆಚೆ ನಿಮ್ಮಪ್ಪ ಬೇಲಿ ಹಾಕಿದಾನಾ?" ನರ್ಸು ನಕ್ಕಳು. "ಸರಿ, ಹತ್ತು." ಆಮೇಲೆ ಗೋಡೆ ಕಡೆ ನೋಡಿದ್ಲು. ಗೋಡೆ ಮೇಲೆ ಹಲಗೆ ಇತ್ತು, ದಪ್ಪ ಅಕ್ಷರದಲ್ಲಿ: ಅರವತ್ತು ದಾಟಿದವರು ಹೇಳಿದ್ದರಲ್ಲಿ ಎರಡು ಕಳೆಯಿರಿ, ಎಪ್ಪತ್ತು ದಾಟಿದವರದ್ದರಲ್ಲಿ ಮೂರು. ಕೆಳಗೆ ಸಣ್ಣದಾಗಿ ಪ್ರೊಫೆಸರ ಹೆಸರು. ನರ್ಸು ಏಳು ಅಂತ ಬರೆದು ಒಂದು ಮಾತ್ರೆ ಕೊಟ್ಳು. ಎಂಟು ಅಂತ ಬರೆದ್ರೆ ಮಾತ್ರ ಇಂಜೆಕ್ಷನ್. "ನಿಮ್ದೇ ಹಲಗೆ ಸಾರ್," ಅಂದ್ಳು, ಮದುವೆ ಮನೇಲಿ ಗಂಡಿನ ಕಡೆಯವರಿಗೆ ಹೇಳೋ ಹಾಗೆ. "ಇದು ಬಂದ ಮೇಲೆ ನಮಗೆ ಎಷ್ಟು ಹಗುರ ಆಗಿದೆ ಗೊತ್ತಾ? ಮೊದಲು ಇವರೆಲ್ಲ ಅರಚಿದಷ್ಟೂ ಸೂಜಿ ಚುಚ್ತಿದ್ವಿ." ಅವನು ತಲೆ ಆಡಿಸಿದ. ಹತ್ತರಲ್ಲಿ ಮೂರು ಕಳೆದ್ರೆ ಏಳು. ಅಂದ್ರೆ ಎಪ್ಪತ್ತು ದಾಟಿದೋರು ಯಾರೇ ಆಗ್ಲಿ, ಎಷ್ಟೇ ಅನ್ಲಿ, ಎಂಟಕ್ಕೆ ಹತ್ತೋ ಹಾಗೇ ಇಲ್ಲ. ಇಷ್ಟು ಸಣ್ಣ ಲೆಕ್ಕ ಮೂರನೇ ಕ್ಲಾಸಿನ ಮಗೂಗೂ ಬರುತ್ತೆ. ಆರು ವರ್ಷ ಆ ಹಲಗೆ ಗೋಡೆ ಮೇಲಿತ್ತು, ಯಾರಿಗೂ ಬಂದಿರ್ಲಿಲ್ಲ. ಅವನಿಗೂ.

ಅಕ್ಕ ಈಗ ತಿರುಗಿ ನೋಡಿದ್ಲು. "ಹೇಳು. ನೀನೇ ಹೇಳು, ಅಮ್ಮನ ನೋವು ಎಷ್ಟು? ಓದಿದೋನು ನೀನು." ಅವನು ಅಮ್ಮನ ಮುಖ ನೋಡ್ದ. ಹಣೆ ಮೇಲೆ ಬೆವರು, ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಹನಿ. ಮೂವತ್ತೊಂದು ವರ್ಷ ಬೇರೆಯವರ ಹಣೆ ನೋಡಿದೋನು. ಆ ಬೆವರು ಬಾಯಿ ಬಡಾಯಿಗೆ ಬರೋ ಬೆವರಲ್ಲ ಅಂತ ಗೊತ್ತಿತ್ತು. ಗೊತ್ತಿತ್ತು ಅಷ್ಟೇ, ಒಳಗೆ ಏನೂ ಅಲುಗಲಿಲ್ಲ. ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಅಮ್ಮನ ನೋವು ಅವನ ಮೇಲೆ ಸುರೀತಿತ್ತು. "ನಿಮ್ಮ ಹತ್ರ ಅತ್ರೆ ಗೋಡೆ ಹತ್ರ ಅತ್ತ ಹಾಗೆ, ಗೋಡೆಯಾದ್ರೂ ತಣ್ಣಗಿರುತ್ತೆ, ತಲೆ ಆನಿಸಬಹುದು," ಅಂತ ಹೆಂಡತಿ ಒಂದ್ಸಲ ಅಂದಿದ್ಲು. ಅಂದು ಮಗಳ ಮನೆಗೆ ಹೋದೋಳು ಬರೋ ತಾರೀಖು ಇನ್ನೂ ಹೇಳಿರ್ಲಿಲ್ಲ. "ಕೈಗೇನಾಯ್ತೋ?" ಅಂದ್ಳು ಅಮ್ಮ. ಅಂಥಾ ನೋವಲ್ಲೂ ಪಟ್ಟಿ ಕಂಡಿತ್ತು ಅವಳಿಗೆ. "ಏನಿಲ್ಲ, ಸ್ವಲ್ಪ ಸುಟ್ಕೊಂಡೆ." "ಉರಿಯುತ್ತಾ?" "ಇಲ್ಲ." "ಸುಳ್ಳು ಹೇಳ್ಬೇಡ. ಸುಟ್ಟಿದ್ದು ಉರೀದೆ ಇರುತ್ತಾ?"

ಸುಟ್ಟಿದ್ದು ಉರೀದೆ ಇರುತ್ತಾ ಅನ್ನೋದು ಮೆಟ್ಟಿಲು ಇಳೀವಾಗ, ರಸ್ತೆ ದಾಟುವಾಗ, ಕಿವಿಯಲ್ಲಿ ನೊಣದ ಹಾಗೆ ಸುತ್ತಿತು. ಲ್ಯಾಬಿಗೆ ಬಂದೋನೇ, "ಎಲ್ಲಾ ರಿಜಿಸ್ಟರ್ ತನ್ನಿ," ಅಂದ. ಗಡಿಯಾರಮ್ಮ ಇಪ್ಪತ್ತೈದು ವರ್ಷದ ರಿಜಿಸ್ಟರ್ ಮೇಜಿನ ಮೇಲೆ ಪೇರಿಸಿದ್ಲು. ಅದರಾಚೆ ಕೂತ ಅವಳ ತಲೆ ಕಾಣದ ಹಾಗಾಯ್ತು. "ಮೊದಲು ನಿಮ್ಮ ಕೈ ಇಡಿ," ಅಂದ. "ನಂದಾ ಸಾರ್?" "ಇಡಿ." ಅವಳು ಬಿಲ್ಲೆ ಮೇಲೆ ಕೈ ಇಟ್ಟು ಕಣ್ಣು ಬಿಗಿಯಾಗಿ ಮುಚ್ಚಿದ್ಲು. ಗುಂಡಿ ಒತ್ತಿದಾಗ ಮುಳ್ಳು ಐವತ್ತೆರಡರ ಮೇಲಿತ್ತು. ಬಾಗಿಲು ಕಾಯೋ ವಾಚ್‌ಮನ್ನನ್ನ ಕರೆದ್ರು, ಐವತ್ತು. ನೆಲ ಒರೆಸೋ ಹೆಂಗಸು ಕೈಯನ್ನ ಸೀರೆ ಸೆರಗಿಗೆ ಒರೆಸ್ಕೊಂಡು ಇಟ್ಳು, ಐವತ್ತಮೂರು, "ಅಯ್ಯಪ್ಪಾ, ಒಲೆ ಮೇಲಿನ ಪಾತ್ರೆ ಎತ್ತಿದ ಹಾಗಾಯ್ತು," ಅಂತ ಕೈ ಊದ್ಕೊಂಡು ಹೋದ್ಲು. ಯಂತ್ರ ಸೋತಿರ್ಲಿಲ್ಲ. ಮೇಷ್ಟ್ರು ಕಟ್ಟಿದ ದಿನ ಹೇಗಿತ್ತೋ ಹೆಚ್ಚು ಕಡಿಮೆ ಹಾಗೇ ಇತ್ತು. "ಇಪ್ಪತ್ತೈದು ವರ್ಷದಲ್ಲಿ ನನ್ನ ಕೈ ಇಡಿ ಅಂತ ಒಂದು ದಿನಾನೂ ಕೇಳ್ಲಿಲ್ಲ ನೀವು," ಅಂದ್ಳು ಗಡಿಯಾರಮ್ಮ. ದೂರು ಅಲ್ಲ, ಸುಮ್ಮನೆ ಅಂದ್ಳು.

ಆಮೇಲೆ ಲೆಕ್ಕ. ಅವನ ಹೆಸರು ನಿಂತಿದ್ದು ಒಂದೇ ಕೆಲಸದ ಮೇಲೆ: ಅದೇ ಅರವತ್ತು ಜನರನ್ನ ಐದೈದು ವರ್ಷಕ್ಕೊಮ್ಮೆ ಕರೆಸಿ, ಅವರು ಮುದುಕರಾಗ್ತಾ ಹೋದ ಹಾಗೆ ನೋವು ಹೇಗೆ ಬದಲಾಗುತ್ತೆ ಅಂತ ಅಳೆದದ್ದು. ಮೊದಲನೇ ಸಲ ಎಲ್ಲರೂ ಅವನ ಗುರುತಿನ ಹತ್ತಿರವೇ ಗುಂಡಿ ಒತ್ತಿದ್ರು. ಎರಡನೇ ಸಲ ಅವನ ಗುರುತಿಗಿಂತ ಆರು ಗೆರೆ ಹಿಂದೆ. ಆಮೇಲೆ ಹದಿನೈದು, ಆಮೇಲೆ ಇಪ್ಪತ್ತೈದು. ಅರವತ್ತಕ್ಕೆ ಅರವತ್ತೂ ಜನ! ಅಂದ್ರೆ ಏನರ್ಥ? ವಯಸ್ಸಾದ ಹಾಗೆ ಮನುಷ್ಯ ಇನ್ನೂ ನೋಯೋ ಮೊದಲೇ ನೋವು ಅಂತಾನೆ, ಕಡ್ಡಿಯನ್ನ ಗುಡ್ಡ ಮಾಡ್ತಾನೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು, ಆಸ್ಪತ್ರೆಗಳವರು ಹಲಗೆ ಮಾಡಿಸಿದ್ರು. ಈಗ ಅವನು ಒಂದೊಂದು ದಿನದ ಗುರುತನ್ನೂ ಪಕ್ಕಕ್ಕಿಟ್ಟು, ಅವರು ಗುಂಡಿ ಒತ್ತಿದಾಗ ಮುಳ್ಳು ನಿಜವಾಗಿ ಎಲ್ಲಿತ್ತು ಅಂತ ಬರೀತಾ ಹೋದ. ಐವತ್ತು. ಐವತ್ತೊಂದು. ನಲವತ್ತೊಂಬತ್ತು. ಐವತ್ತು. ಗೆರೆ ಎಳೆದ್ರೆ ಮೇಜಿನ ಹಾಗೆ ಚಪ್ಪಟೆ. ಅವರು ಒಬ್ಬರೂ ಬದಲಾಗಿರ್ಲಿಲ್ಲ. ಅವರೆಲ್ಲ ಇದ್ದಲ್ಲೇ ಇದ್ರು, ಇವನೊಬ್ಬ ಅವರನ್ನ ಬಿಟ್ಟು ನಡೆದು ಹೋಗಿದ್ದ. ಓಡೋ ರೈಲಲ್ಲಿ ಕೂತೋನು ಮರ ಹಿಂದೆ ಓಡ್ತಿದೆ ಅಂದ ಹಾಗೆ.

ಪಟ್ಟಿಯಲ್ಲಿ ಒಂದು ಕಡೆ ಕೆಂಪು ಗೆರೆ ಇತ್ತು. ಆ ಮುದುಕ ಒಬ್ಬ ದರ್ಜಿ. ನಾಲ್ಕನೇ ಸಲ ಬಂದಾಗ, "ನೀವು ಇಪ್ಪತ್ತೈದು ಗೆರೆ ಮೊದಲೇ ಒತ್ತಿಬಿಟ್ರಿ," ಅಂತ ಪ್ರೊಫೆಸರು ನಗ್ತಾ ಅಂದಿದ್ದ. "ಇಲ್ಲ ಸಾರ್, ನಾನು ಯಾವಾಗ್ಲೂ ಒತ್ತೋ ಕಡೇನೇ ಒತ್ತಿದ್ದು. ಐವತ್ತು ವರ್ಷ ಸೂಜಿ ಹಿಡಿದ ಕೈ, ಅದಕ್ಕೆ ಗೊತ್ತಾಗುತ್ತೆ." "ವಯಸ್ಸಾಯ್ತಲ್ಲ, ಹೆದರಿಕೆ ಸ್ವಲ್ಪ ಜಾಸ್ತಿ ಆಗುತ್ತೆ. ಪರವಾಗಿಲ್ಲ." ದರ್ಜಿಯ ಮುಖ ಹುಳ್ಳಗಾಯ್ತು. ಇನ್ನೊಂದ್ಸಲ ಇಡ್ತೀನಿ ಅಂದ. ಇಟ್ಟ, ಮುಳ್ಳು ಐವತ್ತು ದಾಟಿದ್ರೂ ಒತ್ತಲಿಲ್ಲ. ದವಡೆ ಕಚ್ಚಿಕೊಂಡು, ಕಣ್ಣಲ್ಲಿ ನೀರು ಬಂದ್ರೂ ಮುಳ್ಳನ್ನೇ ನೋಡ್ತಾ, ಪ್ರೊಫೆಸರ ಗುರುತಿಗೆ ಸರಿಯಾಗಿ ಒತ್ತಿದ. ಬೊಬ್ಬೆ ಎದ್ದಿತ್ತು. "ಈಗ ಸರಿಯಾಯ್ತಾ ಸಾರ್?" ಅಂತ ಕೇಳ್ದ, ಪಾಠ ಒಪ್ಪಿಸಿದ ಹುಡುಗನ ಹಾಗೆ. ಎಪ್ಪತ್ತಾರು ವರ್ಷದ ಮುದುಕ. ಆ ಅಂಕಿ ಸಾಲಿಗೆ ಹೊಂದಲ್ಲ ಅಂತ ಇವನು ಕೆಂಪಲ್ಲಿ ಹೊಡೆದು ಹಾಕಿದ್ದ. ಆ ಕೈ ಆಮೇಲೆ ಎಷ್ಟು ದಿನ ಸೂಜಿ ಹಿಡೀಲಿಲ್ಲವೋ ಕೇಳಿರ್ಲಿಲ್ಲ. ಈಗ ಆ ಕೆಂಪು ಗೆರೆ ಮೇಲೆ ಬೆರಳಾಡಿಸಿದ. ಕಾಗದ ನುಣುಪೋ ಒರಟೋ, ಅದೂ ಗೊತ್ತಾಗ್ಲಿಲ್ಲ.

"ಯಾರಿಗಾದ್ರೂ ಹೇಳ್ಬೇಕಾ ಸಾರ್?" ಅಂದ್ಳು ಗಡಿಯಾರಮ್ಮ. "ನಿಮ್ಮ ರಿಟೈರ್‌ಮೆಂಟಿಗೆ ನಾಲ್ಕು ತಿಂಗಳಿದೆ. ನನ್ನ ಬಾಯಿಂದಂತೂ ಬರಲ್ಲ." ಅವಳು ರಿಜಿಸ್ಟರ್ ಮುಚ್ಚಿದ ಸದ್ದು ಕೇಳಿಸ್ತು. ನಾಲ್ಕು ತಿಂಗಳು. ಹಾರ ಹಾಕ್ತಾರೆ, ಫೋಟೋ ತೆಗೀತಾರೆ. ಆಮೇಲೆ ಯಾರಾದ್ರೂ ಬುದ್ಧಿವಂತರು ಕಂಡು ಹಿಡೀಲಿ. ಸದ್ಯಕ್ಕೆ ಅಮ್ಮನಿಗೊಂದು ಇಂಜೆಕ್ಷನ್ ಆದ್ರೆ ಸಾಕು, ಅದನ್ನ ಮೆಲ್ಲಗೆ ಕೇಳಿ ಮಾಡಿಸಬಹುದು. ಹೀಗೆ ಯೋಚಿಸ್ತಾ ಅವನಿಗೆ ನಾಚಿಕೆ ಆಗ್ಬೇಕಿತ್ತು. ಆಗುತ್ತೇನೋ ಅಂತ ಸ್ವಲ್ಪ ಹೊತ್ತು ಕಾದ. ಬೆಳಿಗ್ಗೆ ಬಿಲ್ಲೆ ಮುಂದೆ ಕಾದ ಹಾಗೇ.

ಮೂರು ಗಂಟೆಗೆ ವಾರ್ಡಿನ ಡಾಕ್ಟರ ಮುಂದೆ ನಿಂತ. ಸಣ್ಣ ವಯಸ್ಸಿನ ಹೆಂಗಸು, ಇವನ ಹತ್ರಾನೇ ಪಾಠ ಕೇಳಿದೋಳು, ಕಂಡ ಕೂಡ್ಲೇ ಎದ್ದು ನಿಂತ್ಲು. "ನಮ್ಮ ಅಮ್ಮನಿಗೆ ಮಾತ್ರ ಒಂದು ಇಂಜೆಕ್ಷನ್ ಹಾಕ್ತೀರಾ? ತುಂಬಾ ನೋವಿದೆ." ಅವಳು ಸಂಕಟದಿಂದ ನಕ್ಕಳು. "ಸಾರ್, ನೀವೇ ಕ್ಲಾಸಲ್ಲಿ ಹೇಳಿದ್ದು. ರೋಗಿಯ ಮಾತಲ್ಲಿ ಮೂರು ಕಳೀರಿ, ರೋಗಿಯ ಮಕ್ಕಳ ಮಾತನ್ನ ಪೂರ್ತಿ ಕಳೀರಿ ಅಂತ. ನಾವೆಲ್ಲ ಎಷ್ಟು ನಕ್ಕಿದ್ವಿ." ಅವನಿಗೂ ನೆನಪಿತ್ತು. ಪ್ರತಿ ವರ್ಷ ಅದೇ ಜಾಗದಲ್ಲಿ ಅದೇ ಮಾತು ಹೇಳಿ, ನಗು ನಿಲ್ಲೋ ತನಕ ಕನ್ನಡಕ ಒರೆಸ್ತಾ ನಿಲ್ತಿದ್ದ. "ಎಂಬತ್ತು ದಾಟಿದೋರಿಗೆ ಉಸಿರು ಕಡಿಮೆಯಾದ್ರೆ ನನ್ನ ತಲೆ ಮೇಲೆ ಬರುತ್ತೆ ಸಾರ್. ಹಲಗೆ ಪ್ರಕಾರ ಅಮ್ಮನದ್ದು ಏಳೇ." "ಹಲಗೆ ತಪ್ಪು," ಅಂದ. ಅವನ ದನಿ ಅವನಿಗೇ ಪಕ್ಕದ ರೂಮಿಂದ ಬಂದ ಹಾಗೆ ಕೇಳಿಸ್ತು. "ಅಂದ್ರೆ?" "ಹಲಗೆಯೇ ತಪ್ಪು. ಅವರು ಯಾರೂ ಹೆಚ್ಚಾಗಿ ಹೇಳ್ತಿರ್ಲಿಲ್ಲ. ನನ್ನ ಕೈ ಸತ್ತಿದೆ. ಅದನ್ನೇ ಅಳತೆಗೋಲು ಮಾಡ್ಕೊಂಡು ಎಲ್ಲರನ್ನೂ ಅಳೆದೆ." ಡಾಕ್ಟರು ಪಟ್ಟಿ ಕಟ್ಟಿದ ಕೈ ನೋಡಿದ್ಲು, ಮುಖ ನೋಡಿದ್ಲು. ಹೆತ್ತ ತಾಯಿ ನರಳಿದ್ರೆ ದೊಡ್ಡ ದೊಡ್ಡೋರೂ ಹೀಗೇ ತಲೆ ಕೆಡಿಸ್ಕೋತಾರೆ ಅನ್ನೋ ಕನಿಕರ ಆ ಮುಖದಲ್ಲಿತ್ತು. "ಕೂತ್ಕೊಳ್ಳಿ ಸಾರ್, ನೀರು ಕುಡೀರಿ." "ಸೂಜಿ ತನ್ನಿ," ಅಂದ ಅವನು.

ಅಮ್ಮನ ಮಂಚದ ಪಕ್ಕದ ಸ್ಟೂಲ್ ಮೇಲೆ ಕೂತು, ಬಲಗೈ ಚಾಚಿ, ಕಣ್ಣು ಮುಚ್ಚಿದ. "ಚುಚ್ಚಿದಾಗೆಲ್ಲ ಹೂಂ ಅನ್ನಿ ಸಾರ್," ಅಂದ್ಳು ಡಾಕ್ಟರು. ವಾರ್ಡು ಗಪ್‌ಚುಪ್ಪಾಯ್ತು, ಎಂಟು ಮುದುಕಿಯರು ಒಟ್ಟಿಗೆ ಬಾಯಿ ಮುಚ್ಚಿದ್ದು ಆ ಆಸ್ಪತ್ರೆ ಕಟ್ಟಿದ ಮೇಲೆ ಅದೇ ಮೊದಲು. ಅವನು ಕಾದ. ಡಾಕ್ಟರು ಇನ್ನೂ ಶುರು ಮಾಡಿಲ್ಲ ಅಂದ್ಕೊಂಡ. ಎಷ್ಟು ಸಾವಿರ ಜನ ತನ್ನ ಮುಂದೆ ಹೀಗೆ ಕಣ್ಣು ಮುಚ್ಚಿ ಕೂತಿದ್ರೋ, ಅವರಿಗೆ ಕತ್ತಲೆ ಹೀಗಿರುತ್ತೆ ಅಂತ ಗೊತ್ತಿರ್ಲಿಲ್ಲ. ಅಷ್ಟರಲ್ಲಿ ಅಮ್ಮ ಕಿರುಚಿದ್ಲು. "ಬಿಡೇ! ಬಿಡೇ ತಾಯಿ! ನನ್ನ ಮಗನ ಕೈಯನ್ನ ಜರಡಿ ಮಾಡಿಬಿಟ್ಯಲ್ಲೇ!" ಕಣ್ಣು ಬಿಟ್ಟ. ಅಂಗೈ ಮೇಲೆ ಆರು ಕೆಂಪು ಚುಕ್ಕಿ ಸಾಲಾಗಿ ನಿಂತಿದ್ವು, ಒಂದರಿಂದ ರಕ್ತ ಮಣಿಕಟ್ಟಿನ ಕಡೆ ಇಳೀತಿತ್ತು. ಅವನು ಒಂದು ಸಲಾನೂ ಹೂಂ ಅಂದಿರ್ಲಿಲ್ಲ. ಡಾಕ್ಟರು ಸೂಜಿ ಕೆಳಗಿಟ್ಳು. "ಸಕ್ಕರೆ ಕಾಯಿಲೆ ಇದೆಯಾ ಸಾರ್?" "ಇಪ್ಪತ್ತು ವರ್ಷದಿಂದ." "ಯಾರಿಗೂ ತೋರಿಸ್ಲಿಲ್ವಾ?" "ನೋವಿರ್ಲಿಲ್ಲವಲ್ಲ," ಅಂದ. ಅಕ್ಕ ಸೆರಗಿನ ತುದಿಯಿಂದ ಅವನ ಅಂಗೈ ಒರೆಸಿದ್ಲು. ಒರೆಸೋದು ಕಾಣ್ತು.

"ಅಮ್ಮನಿಗೆ ಈಗ್ಲೇ ಹಾಕ್ತೀನಿ," ಅಂದ್ಳು ಡಾಕ್ಟರು. ಆಮೇಲೆ ದನಿ ತಗ್ಗಿಸಿ, "ಉಳಿದ ಏಳು ಜನಕ್ಕೆ ನನ್ನ ಬಾಯಿ ಮಾತು ನಡೆಯಲ್ಲ ಸಾರ್. ನೀವು ಬರ್ದು ಸಹಿ ಹಾಕ್ಬೇಕು. ಬರ್ದ್ರೆ ಅದು ಇಲ್ಲಿಗೇ ನಿಲ್ಲಲ್ಲ, ಎಲ್ಲಾ ಕಡೆ ಹೋಗುತ್ತೆ. ಯೋಚ್ನೆ ಮಾಡಿ." ನರ್ಸು ಕಾಗದ ತಂದು ಕೊಟ್ಳು, ಬೆಳಿಗ್ಗೆಯ ಮುಖ ಅಲ್ಲ ಅವಳದ್ದು. ಅವನು ಪೆನ್ನನ್ನ ಕಣ್ಣಿಂದ ನೋಡಿ ಬಿಗಿಯಾಗಿ ಹಿಡಿದು ಬರೆದ: ವಯಸ್ಸಾದವರ ನೋವಿನಲ್ಲಿ ಯಾವ ಅಂಕಿಯನ್ನೂ ಕಳೆಯಬಾರದು. ಹಿಂದೆ ಹೇಳಿದ್ದು ತಪ್ಪು, ತಪ್ಪು ಅಳೆದವನದ್ದು. ಸಹಿ ಹಾಕಿದ. ಮೂವತ್ತೊಂದು ವರ್ಷ ಒಂದೂವರೆ ಸಾಲಲ್ಲಿ ಮುಗೀತು. ಏನಾದ್ರೂ ಅನ್ನಿಸುತ್ತೇನೋ ಅಂತ ನೋಡ್ದ. ಇಲ್ಲ. ಫ್ಯಾನು ತಿರುಗ್ತಿತ್ತು. ಅಮ್ಮ ಇಂಜೆಕ್ಷನ್ ಆದ ಕಾಲು ಗಂಟೆಗೆ, "ನನ್ನ ಸೊಂಟದ ಕಮ್ಮಾರರು ಸಂತೆಗೆ ಹೋದ್ರು ಕಣೇ," ಅಂತ ಮಗಳಿಗೆ ಹೇಳಿ, ಹೇಳ್ತಾ ಹೇಳ್ತಾನೇ ಬಾಯಿ ತೆರ್ಕೊಂಡು ನಿದ್ದೆ ಹೋದ್ಲು. ಮೂರು ದಿನದಲ್ಲಿ ಮೊದಲನೇ ನಿದ್ದೆ. ಅಕ್ಕ ಅವಳ ಹಣೆ ಒರೆಸಿ, "ನಾವಿಬ್ರೂ ಕಳೀತಾನೇ ಇದ್ವಲ್ಲೋ, ಚಿಕ್ಕೋರಾಗಿದ್ದಾಗಿಂದ," ಅಂದ್ಳು. 

ನರ್ಸು ಹಲಗೆ ಇಳಿಸೋಕೆ ಸ್ಟೂಲ್ ಬೇಕು ಅಂದ್ಳು. ಅವನು ಎದ್ದು ಸ್ಟೂಲ್ ಕೊಟ್ಟು, ನೋವಿನ ಅಂಕಿ ಬರೆಯೋ ಪಟ್ಟಿ ಇಸ್ಕೊಂಡು ಪಕ್ಕದ ಮಂಚಕ್ಕೆ ಹೋದ, ಬೆಳಿಗ್ಗೆ ಕಿಸಕ್ಕಂದ ಅಜ್ಜಿ ಹತ್ರ. ಮೊಣಕಾಲಿಂದ ಪಾದದ ತನಕ ಬ್ಯಾಂಡೇಜು. "ಎಷ್ಟು ನೋವಿದೆ ಅಮ್ಮಾ?" ಅಜ್ಜಿ ಅವನನ್ನ ಮೇಲಿಂದ ಕೆಳಗೆ ಅಳೆದ್ಲು. "ನೀನೆಷ್ಟು ಬರ್ಕೋತೀಯ ಅದನ್ನ ಮೊದಲು ಹೇಳು. ಹನ್ನೊಂದು ಅಂದ್ರೆ ಎಂಟು ಬರುತ್ತಾ?" "ನೀವು ಹೇಳಿದ್ದೇ ಬರೀತೀನಿ." "ಕಳೆಯಲ್ಲ?" "ಕಳೆಯಲ್ಲ." "ದೇವರಾಣೆ?" "ದೇವರಾಣೆ." ಅಜ್ಜಿ ಸೂರು ನೋಡಿದ್ಲು, ಕಾಲು ನೋಡಿದ್ಲು, ಒಳಗೆಲ್ಲೋ ಇಳಿದು ಕೈಯಾಡಿಸಿ ಹುಡುಕೋ ಹಾಗೆ ಕಣ್ಣು ಅರೆ ಮುಚ್ಚಿದ್ಲು. ಅವನು ಪೆನ್ನು ಹಿಡ್ಕೊಂಡು ನಿಂತೇ ಇದ್ದ, ಬಹಳ ಹೊತ್ತು.

"ಆರು," ಅಂದ್ಳು ಕೊನೆಗೆ. "ಆರೇ ಕಣಪ್ಪ. ಜಾಸ್ತಿ ಇಲ್ಲ."

ಅವನು ಆರು ಅಂತ ಬರೆದ.